ತೀರ್ಥಹಳ್ಳಿಯಿಂದ ಬಳ್ಳಾರಿಗೆ ಓದಲು ಬಂದಿದ್ದೇನೆ, ರೂಮು, ನೀರು, ಊಟದ ಬಗ್ಗೆ ಗೊತ್ತಿದ್ದವರು ಸ್ವಲ್ಪ ಹೇಳಿ

ಮಲೆನಾಡ ಹುಡುಗಿ · ನವೆಂಬರ್ 9

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯವಳು. ಇಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಎಂ.ಎ.ಗೆ ಸೇರಿ ಹನ್ನೊಂದು ದಿನ ಆಯಿತು. ಮನೆಗೆ ಹತ್ತಿರ ಇರುವ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಬಿಟ್ಟು ಅಷ್ಟು ದೂರ ಯಾಕೆ ಅಂತ ಮನೆಯಲ್ಲಿ ಇನ್ನೂ ಕೇಳುತ್ತಿದ್ದಾರೆ. ಹಂಪಿ 60 ಚಿಲ್ಲರೆ ಕಿಲೋಮೀಟರ್, ಹೊಸ ಶಿಲಾಯುಗದ ನೆಲೆ ಸಂಗನಕಲ್ಲು ಊರಿನ ಪಕ್ಕದಲ್ಲೇ, ಇತಿಹಾಸ ಓದುವವಳಿಗೆ ಇನ್ನೇನು ಬೇಕು ಅಂತ ದೊಡ್ಡದಾಗಿ ಹೇಳಿ ಬಂದಿದ್ದೇನೆ. ರಾತ್ರಿ ಒಬ್ಬಳೇ ಕೂತಾಗ ಆ ಉತ್ತರ ನನಗೇ ಸಾಲುತ್ತಿಲ್ಲ.

ಸದ್ಯಕ್ಕೆ ಸೀನಿಯರ್ ಒಬ್ಬರ ರೂಮಿನಲ್ಲಿ ಚಾಪೆ ಹಾಸಿಕೊಂಡಿದ್ದೇನೆ. ಈ ತಿಂಗಳು ಮುಗಿಯುವುದರೊಳಗೆ ಜಾಗ ನೋಡಿಕೊಳ್ಳಬೇಕು. ಹಾಸ್ಟೆಲ್ ಒಳ್ಳೆಯದಾ, ಪಿಜಿನಾ, ರೂಮಾ? ಕ್ಯಾಂಪಸ್ ಕಂಟೋನ್ಮೆಂಟ್ ಕಡೆ ವಿನಾಯಕನಗರದಲ್ಲಿದೆ, ಅದರ ಸುತ್ತಲೇ ಇರಬೇಕಾ? ನೀರು ಯಾವ ದಿನ ಬರುತ್ತೆ ಅಂತ ಯಾರನ್ನು ಕೇಳಿದರೂ ನಗುತ್ತಾರೆ, ಅದು ಯಾಕೆ?

ಇನ್ನೊಂದು. ನಿನ್ನೆ ಹೋಟೆಲಿನಲ್ಲಿ ತಿಂಡಿ ಏನಿದೆ ಅಂದೆ. "ಒಗ್ಗರಣಿ" ಅಂದರು. "ಯಾವುದಕ್ಕೆ ಒಗ್ಗರಣೆ?" ಅಂದೆ. ಪಕ್ಕದ ಟೇಬಲಿನವರೆಲ್ಲ ತಿರುಗಿ ನೋಡಿದರು.

ಕೌಲಬಜಾರ್ ಅಣ್ಣ · ನವೆಂಬರ್ 9

ತಂಗೀ, ಮಂಡಕ್ಕಿಗೆ ಹಾಕಿದ್ದೇ ನಮ್ಮಲ್ಲಿ ಒಗ್ಗರಣಿ. ಬೇರೆ ಯಾವುದಕ್ಕೆ ಹಾಕಿದರೂ ಅದು ಬರೀ ಸಾಸಿವೆ ಕರಿಬೇವು. ಮಂಡಕ್ಕಿ ನೀರಲ್ಲಿ ಅದ್ದಿ ಹಿಂಡಿ, ಈರುಳ್ಳಿ ಹಸಿಮೆಣಸಿನಕಾಯಿ ಹುರಿದು, ಮೇಲೆ ಪುಟಾಣಿ ಪುಡಿ, ನಿಂಬೆಹಣ್ಣು. ಜೊತೆಗೆ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ, ಇರಲೇಬೇಕು. ಬೆಳಗ್ಗೆ ಏಳು ಗಂಟೆಗೆ ಮಿರ್ಚಿನಾ ಅಂತ ಕೇಳಬೇಡಿ. ಹೌದು, ಏಳು ಗಂಟೆಗೇ.

ಸುಮ್ನೆ ಓದೋನು · ನವೆಂಬರ್ 9

ನವೆಂಬರಲ್ಲಿ ಬಂದು ಊರು ಹೇಗಿದೆ ಅಂತ ಕೇಳುತ್ತಿದ್ದಾರೆ. ಏಪ್ರಿಲ್‌ನಲ್ಲಿ ಸಿಗೋಣ.

ಹಾಸ್ಟೆಲ್ ಹಕ್ಕಿ · ನವೆಂಬರ್ 10

ಅಕ್ಕ, ನಾನು ಎರಡನೇ ವರ್ಷ ಎಂ.ಕಾಂ. ಮೊದಲು ಹಾಸ್ಟೆಲ್‌ಗೆ ಅರ್ಜಿ ಹಾಕಿ, ಸಿಕ್ಕರೆ ಕಣ್ಣು ಮುಚ್ಚಿಕೊಂಡು ಸೇರಿ. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್ ಇದೆ, ಸಮಾಜ ಕಲ್ಯಾಣ ಇಲಾಖೆಯದ್ದು ಇದೆ. ಆನ್‌ಲೈನ್ ಅರ್ಜಿ. ಜಾತಿ, ಆದಾಯ ಪ್ರಮಾಣಪತ್ರದಲ್ಲಿರುವ ಹೆಸರು ಆಧಾರ್‌ನಲ್ಲಿರುವ ಹಾಗೇ ಇದೆಯಾ ನೋಡಿಕೊಳ್ಳಿ. ಒಂದು ಇನಿಷಿಯಲ್ ಹಿಂದೆ ಮುಂದೆ ಆದರೂ ಓಡಾಟ ತಪ್ಪಲ್ಲ.

ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿಗೆ ಹಾಕಿ. ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ದುಡ್ಡು ಕೊಡುತ್ತಾರೆ. ರೂಮಿನ ಬಾಡಿಗೆ ಪೂರ್ತಿ ಆಗಲ್ಲ, ಆದರೆ ಊಟಕ್ಕೆ ಆಸರೆ. ಇಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ. ದುಡ್ಡು ನೀವು ಬರೆದು ಕೊಟ್ಟ ಅಕೌಂಟಿಗೆ ಬರಲ್ಲ, ಆಧಾರ್ ಯಾವ ಅಕೌಂಟಿಗೆ ಕೊನೆಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತೆ. ನನ್ನದು ಹೈಸ್ಕೂಲಿನಲ್ಲಿ ತೆಗೆದ ಹಳೇ ಅಕೌಂಟಿಗೆ ಹೋಗಿತ್ತು. ಪಾಸ್‌ಬುಕ್ ನಮ್ಮಜ್ಜಿಯ ಟ್ರಂಕಿನಲ್ಲಿ. ನಾಲ್ಕು ತಿಂಗಳು ನಾನು ಸರ್ಕಾರವನ್ನು ಬೈದುಕೊಂಡು ಓಡಾಡಿದೆ, ದುಡ್ಡು ಅಲ್ಲಿ ಆರಾಮಾಗಿ ಮಲಗಿತ್ತು.

ಬಸ್ಸಿಗೆ ಚಿಂತೆ ಬೇಡ, ಶಕ್ತಿ ಯೋಜನೆ ಇದೆ. ನಮ್ಮ ಕಡೆ ಕೆಕೆಆರ್‌ಟಿಸಿ, ಅದರಲ್ಲೂ ನಡೆಯುತ್ತೆ. ಆಧಾರ್ ತೋರಿಸಿದರೆ ಸಾಕು. ಲಕ್ಷುರಿ ಬಸ್ಸಿನಲ್ಲಿ, ಗುಂತಕಲ್ ಕಡೆ ಹೋಗುವ ಅಂತರರಾಜ್ಯ ಬಸ್ಸಿನಲ್ಲಿ ಮಾತ್ರ ಟಿಕೆಟ್ ತೆಗೆಸಬೇಕು.

ಸುಮ್ನೆ ಓದೋನು · ನವೆಂಬರ್ 10

ಹೊರಗಿನವರು ಬಂದು ನಮ್ಮ ಸೀಟು ತೊಗೊಳ್ಳೋದು, ಆಮೇಲೆ ನೀರಿಲ್ಲ ಬಿಸಿಲು ಅಂತ ಅಳೋದು. ಪ್ರತಿ ವರ್ಷ ಇದೇ ಕಥೆ.

ಸಂಡೂರಿನವನು · ನವೆಂಬರ್ 10

ಅಣ್ಣಾ, ಸಂವಿಧಾನದ 371 ಜೆ ವಿಧಿ ಬಂದಮೇಲೆ ಇಲ್ಲಿನ ಸೀಟುಗಳಲ್ಲಿ ನೂರಕ್ಕೆ 70 ಕಲ್ಯಾಣ ಕರ್ನಾಟಕದ ನಮಗೇ ಮೀಸಲು. ಅವರು ಬಂದಿರುವುದು ಉಳಿದ ಮೂವತ್ತರಲ್ಲಿ, ಮೆರಿಟ್‌ನಲ್ಲಿ. ನಮ್ಮವರು ಎಷ್ಟು ಜನ ಬೆಂಗಳೂರು, ಮೈಸೂರಿನಲ್ಲಿ ಓದುತ್ತಿಲ್ಲ? ಅಲ್ಲಿ ನಿಮಗೆ ಯಾರಾದರೂ ಹೀಗೆ ಅಂದರೆ ಹೇಗಿರುತ್ತೆ?

ಮಲೆನಾಡಿನವರೇ, ಬೇಜಾರಾಗಬೇಡಿ. ಈ ಮನುಷ್ಯ ಪ್ರತಿ ಚರ್ಚೆಯಲ್ಲೂ ಹೀಗೇ.

ಗಾಂಧಿನಗರದ ಅಮ್ಮ · ನವೆಂಬರ್ 11

ನನ್ನ ಮಗ ಈ ಚರ್ಚೆ ತೋರಿಸಿದ. ನಾನು ಹದಿನಾರು ವರ್ಷದಿಂದ ಮೇಲಿನ ಮನೆ ಹುಡುಗಿಯರಿಗೆ ಬಾಡಿಗೆಗೆ ಕೊಡುತ್ತಾ ಬಂದಿದ್ದೇನೆ. ಈಗ ಖಾಲಿ ಇಲ್ಲ, ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ. ಖಾಲಿ ಇದ್ದಿದ್ದರೆ ಇಷ್ಟು ನಿಜ ಹೇಳುತ್ತಿದ್ದೆನೋ ಇಲ್ಲವೋ.

ಮನೆ ನೋಡಲು ಬರುವ ಮಕ್ಕಳು ಮೊದಲು ಕೇಳುವುದು ವೈಫೈ ಇದೆಯಾ ಅಂತ. ಕೇಳಬೇಕಾದ್ದು ಸಂಪು ಎಷ್ಟು ದೊಡ್ಡದು ಅಂತ. ಬಾಯಲ್ಲಿ ಕೇಳಿದರೆ ಸಾಲದು ಮಗಳೇ, ಮುಚ್ಚಳ ತೆಗೆಸಿ ಬಗ್ಗಿ ನೋಡು. ಈ ಊರಿನಲ್ಲಿ ನಳ ದಿನಾ ಬರುವುದಿಲ್ಲ. ಒಂದು ವಾರ ಬಿಟ್ಟು ಬರಬಹುದು, ಜಾಸ್ತಿಯೂ ಆಗಬಹುದು. ಒಂದು ಓಣಿಗೆ ಬಂದ ದಿನ ಪಕ್ಕದ ಓಣಿಗೆ ಬರುವುದಿಲ್ಲ. ನೀನು ಕೇಳಿದಾಗ ಜನ ನಕ್ಕಿದ್ದು ಅದಕ್ಕೆ. ಬಳ್ಳಾರಿಗೆ ನೀರು ಯಾವಾಗ ಅಂತ ಕೇಳಬಾರದು, ನಿನ್ನ ಓಣಿಗೆ ಯಾವಾಗ ಅಂತ ಕೇಳಬೇಕು. ಅದನ್ನು ಓನರ್‌ಗಿಂತ ಎದುರು ಮನೆಯವರು ಸರಿಯಾಗಿ ಹೇಳುತ್ತಾರೆ. ರಾತ್ರಿ ಎರಡಕ್ಕೆ ಬಿಟ್ಟರೂ ಎದ್ದು ಹಿಡಿಯಬೇಕು. ಎಬ್ಬಿಸುವವರು ಒಬ್ಬರನ್ನು ಮೊದಲೇ ಸ್ನೇಹ ಮಾಡಿಕೊ.

ಬೋರ್ ನೀರು ಇದೆ, ಇಪ್ಪತ್ನಾಲ್ಕು ಗಂಟೆ ಅಂತ ಹೇಳಿ ಮನೆ ಕೊಡುತ್ತಾರೆ. ಅದು ಬಟ್ಟೆ ಪಾತ್ರೆಗೆ. ಉಪ್ಪು ನೀರು, ತಲೆಗೆ ಹಾಕಿಕೊಂಡರೆ ಕೂದಲು ತೆಂಗಿನ ನಾರು. ಕುಡಿಯಲು ಕ್ಯಾನ್ ನೀರು ಇಲ್ಲವೇ ನಳದ ನೀರು ಕಾಯಿಸಿ ಸೋಸಿ.

ಮೇಲಿನ ಮಹಡಿ ಬಾಡಿಗೆ ಕಡಿಮೆ ಅಂತ ಆಸೆ ಪಡಬೇಡ. ತಲೆ ಮೇಲೆ ಬರೀ ಆರ್‌ಸಿಸಿ ಇದ್ದರೆ ಮಾರ್ಚಿನಿಂದ ಅದು ಮನೆಯಲ್ಲ, ರೊಟ್ಟಿ ಸುಡುವ ಹಂಚು. ಹಗಲೆಲ್ಲ ಕಾದು ರಾತ್ರಿ ಹನ್ನೆರಡರವರೆಗೂ ಬಿಸಿ ಉಗುಳುತ್ತೆ. ನಾನೇ ಮೇಲಿನ ಮನೆ ಬಾಡಿಗೆಗೆ ಕೊಡುವವಳು, ಆದರೂ ಹೇಳುತ್ತಿದ್ದೇನೆ. ನಮ್ಮದರ ಮೇಲೆ ಇನ್ನೊಂದು ಶೀಟ್ ಹಾಕಿಸಿದ್ದೇವೆ.

ಇನ್ನೊಂದು ಮಾತು, ಹೇಳಲೋ ಬೇಡವೋ ಅಂತ ಯೋಚಿಸಿದೆ. "ನೀವು ಯಾವ ಪೈಕಿ" ಅಂತ ಬಾಗಿಲಲ್ಲೇ ಕೇಳುವ ಓನರ್‌ಗಳು ಸಿಗುತ್ತಾರೆ. ಹೆಸರು ಕೇಳಿಯೇ ಮನೆ ಖಾಲಿ ಇಲ್ಲ ಅನ್ನುವವರೂ ಇದ್ದಾರೆ. ನಾನೂ ಮೊದಲು ಕೇಳುತ್ತಿದ್ದೆ. ಒಬ್ಬಳಿಗೆ ಕೊಡಲ್ಲ ಅಂದು, ಯಜಮಾನರ ಬಲವಂತಕ್ಕೆ ಕೊಟ್ಟೆ. ಆ ವರ್ಷ ಚಿಕೂನ್‌ಗುನ್ಯಾ ಬಂದು ನನಗೆ ಮಂಚದಿಂದ ಕಾಲು ಇಡಲು ಆಗುತ್ತಿರಲಿಲ್ಲ. ಹತ್ತು ದಿನ ನಳ ಹಿಡಿದು, ಕೊಡ ತಂದಿಟ್ಟವಳು ಅವಳೇ. ಈಗ ಆಧಾರ್ ಕಾರ್ಡು, ಕಾಲೇಜಿನ ಐಡಿ ಅಷ್ಟೇ ಕೇಳುತ್ತೇನೆ. ಅವಳು ಈಗ ಸಿರುಗುಪ್ಪದಲ್ಲಿ ಟೀಚರ್. ಯುಗಾದಿಗೆ ಫೋನ್ ಮಾಡುತ್ತಾಳೆ.

ಹಾಸ್ಟೆಲ್ ಹಕ್ಕಿ · ನವೆಂಬರ್ 11

ಅಮ್ಮ, ನಿಮ್ಮ ಮನೆ ಖಾಲಿ ಆದಾಗ ಇಲ್ಲೇ ಹೇಳಿ. ಇಡೀ ಕ್ಯಾಂಪಸ್ ಸಾಲು ನಿಲ್ಲುತ್ತೆ.

ಗುಂತಕಲ್ ಗಡಿ · ನವೆಂಬರ್ 12

ಯಾರೂ ಭಾಷೆ ಬಗ್ಗೆ ಹೇಳಲಿಲ್ಲ. ಆಟೋದವರು ತೆಲುಗಿನಲ್ಲಿ "ಎಕ್ಕಡಿಕಿ?" (ಎಲ್ಲಿಗೆ?) ಅಂತ ಕೇಳಿದರೆ ಗಾಬರಿ ಬೀಳಬೇಡಿ. ಕನ್ನಡದಲ್ಲಿ ಉತ್ತರ ಕೊಡಿ, ಮುಂದಿನ ಮಾತು ಕನ್ನಡದಲ್ಲೇ ಬರುತ್ತೆ. ಕೌಲಬಜಾರಿನಲ್ಲಿ ಅದೇ ಮನುಷ್ಯ ಉರ್ದುವಿನಲ್ಲಿ ಚೌಕಾಸಿ ಮಾಡುತ್ತಾನೆ. ನಮ್ಮ ಮನೆಯಲ್ಲಿ ಅಮ್ಮನ ಹತ್ತಿರ ತೆಲುಗು, ಅಪ್ಪನ ಹತ್ತಿರ ಕನ್ನಡ, ಬೈಗುಳ ಎರಡರಲ್ಲೂ.

ಇತಿಹಾಸದವರು ನೀವು, ನಿಮಗೆ ಗೊತ್ತಿರುತ್ತೆ. 1953ರ ಅಕ್ಟೋಬರ್ 1ರವರೆಗೂ ಬಳ್ಳಾರಿ ಮದರಾಸಿಗೆ ಸೇರಿತ್ತು. ಆಮೇಲೆ ಮೈಸೂರು ರಾಜ್ಯಕ್ಕೆ ಬಂತು. ಗೆರೆ ಎಳೆದರು, ನೆಂಟಸ್ತನ ಆಚೆ ಈಚೆ ಹಾಗೇ ಉಳಿಯಿತು. ಊರಿನ ದೊಡ್ಡ ನಟ ಬಳ್ಳಾರಿ ರಾಘವ ಅವರನ್ನೇ ನೋಡಿ. ಹುಟ್ಟಿದ್ದು ತಾಡಿಪತ್ರಿ, ವಕೀಲಿಕೆ ಇಲ್ಲಿ, ನಾಟಕ ತೆಲುಗಿನಲ್ಲೂ ಕನ್ನಡದಲ್ಲೂ. ಅವರ ಹೆಸರಿನ ರಾಘವ ಕಲಾಮಂದಿರ ಇದೆ. ಸಂಜೆ ಏನೂ ತೋಚದಿದ್ದರೆ ಅಲ್ಲಿ ಏನಾದರೂ ನಡೆಯುತ್ತಿದೆಯಾ ನೋಡಿ. ಊರಲ್ಲಿ ಯಾರೂ ಗೊತ್ತಿಲ್ಲದವರಿಗೆ ನಾಟಕದ ಸಭೆ ಒಳ್ಳೆಯ ಜಾಗ. ಸುಮ್ನೆ ಕೂರಬಹುದು, ಯಾರೂ ಯಾಕೆ ಬಂದಿರಿ ಅಂತ ಕೇಳಲ್ಲ.

ಮಲೆನಾಡ ಹುಡುಗಿ · ನವೆಂಬರ್ 30

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಒಳ್ಳೆ ಸುದ್ದಿ, ಒಂದು ಕೆಟ್ಟ ಸುದ್ದಿ.

ಕೆಟ್ಟದ್ದು ಮೊದಲು. ಗಾಂಧಿನಗರದ ಅಮ್ಮ ಬರೆಯುವ ಎರಡು ದಿನ ಮುಂಚೆಯೇ ಒಂದು ಪಿಜಿಗೆ 2,000 ರೂಪಾಯಿ ಟೋಕನ್ ಕೊಟ್ಟುಬಿಟ್ಟಿದ್ದೆ. ಫೋಟೋ ಚೆನ್ನಾಗಿತ್ತು. ಹೋಗಿ ನೋಡಿದರೆ ತಗಡಿನ ಮಾಡು, ಆರು ಜನಕ್ಕೆ ಒಂದು ಬಚ್ಚಲು. ಸಂಪು ತೋರಿಸಿ ಅಂದೆ. ಬೀಗದ ಕೈ ಇಲ್ಲ ಅಂದರು. ಸಂಪಿಗೆ ಬೀಗವಾ? ದುಡ್ಡು ವಾಪಸ್ ಬರಲಿಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಒಳ್ಳೆಯದು, ಕ್ಯಾಂಪಸ್ಸಿಗೆ ನಡೆದು ಹೋಗುವಷ್ಟು ದೂರದಲ್ಲಿ ಕೊಪ್ಪಳದ ಒಬ್ಬಳ ಜೊತೆ ಕೆಳಮಹಡಿಯ ರೂಮು ಸಿಕ್ಕಿತು. ಮುಚ್ಚಳ ತೆಗೆಸಿ ಬಗ್ಗಿ ನೋಡಿದೆ. ಓನರ್ ಅಂಕಲ್ "ನಿಮಗೆ ಯಾರೋ ಊರಿನವರು ಹೇಳಿಕೊಟ್ಟಿದ್ದಾರೆ" ಅಂತ ನಕ್ಕರು.

ಈಗ ಊಟದ ಕಷ್ಟ. ತಿಂಗಳ ಲೆಕ್ಕಕ್ಕೆ ಖಾನಾವಳಿ ಹಿಡಿದಿದ್ದೇನೆ. ರೊಟ್ಟಿ ಎಷ್ಟು ಬೇಕಾದರೂ ಹಾಕುತ್ತಾರೆ. ಅನ್ನ ಕೊನೆಯಲ್ಲಿ ಒಂದು ಹಿಡಿ, ಪ್ರಸಾದದ ಹಾಗೆ. ನಾವು ಮೂರು ಹೊತ್ತು ಅನ್ನ ತಿಂದು ಬೆಳೆದವರು. ಇನ್ನೊಂದು ಸಲ ಅನ್ನ ಕೇಳಿದರೆ ಬಡಿಸುವ ಅಕ್ಕ ಹುಷಾರಿಲ್ವಾ ಅಂತ ಕೇಳುತ್ತಾರೆ.

ಕೌಲಬಜಾರ್ ಅಣ್ಣ · ನವೆಂಬರ್ 30

ಅನ್ನ ಜ್ವರ ಬಂದವರಿಗೆ, ಅದಕ್ಕೇ ಕೇಳಿದ್ದು. ರೊಟ್ಟಿ ಮುರಿದು ಹಾಲಿಗೋ ಬೇಳೆಗೋ ಹಾಕಿ ನೆನೆಸಿ ಒಂದು ವಾರ ತಿನ್ನಿ. ಆಮೇಲೆ ಗರಿಗರಿ ಕಟಕ್ ರೊಟ್ಟಿಗೆ ಬನ್ನಿ. ಪುಂಡಿ ಸೊಪ್ಪಿನ ಪಲ್ಯ ಮಾಡಿದ ದಿನ ಖಾನಾವಳಿ ತಪ್ಪಿಸಬೇಡಿ. ನಿಮ್ಮ ಕಡೆ ಹುಳಿಗೆ ವಾಟೆಹುಳಿ, ಹುಣಸೆಹುಳಿ ಅಂತೆಲ್ಲ ಇರುತ್ತಲ್ಲ, ಇಲ್ಲಿ ಸೊಪ್ಪೇ ಹುಳಿ.

ಮೇಷ್ಟ್ರು (ನಿವೃತ್ತ) · ಡಿಸೆಂಬರ್ 2

ಭೂಗೋಳ ಪಾಠ ಮಾಡಿದವನು ನಾನು. ಮಗುವಿಗೆ ಬೇಸಿಗೆಯ ಬಗ್ಗೆ ಈಗಲೇ ಹೇಳಿಬಿಡುವುದು ಒಳ್ಳೆಯದು.

ನಿಮ್ಮ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ. ಇಲ್ಲಿ 500ರ ಆಸುಪಾಸು. ಘಟ್ಟ ದಾಟುವಷ್ಟರಲ್ಲಿ ಮೋಡ ಹೊರೆ ಇಳಿಸಿ ಬರಿಗೈಯಲ್ಲಿ ಬರುತ್ತದೆ. ಸುತ್ತ ಬರೀ ಕಣಶಿಲೆಯ (ಗ್ರಾನೈಟ್) ಗುಡ್ಡ. ಹಗಲು ಬಿಸಿಲು ಕುಡಿದು ರಾತ್ರಿ ಬಿಡುತ್ತವೆ. ಕುಡಿಯುವ ನೀರು ತುಂಗಭದ್ರೆಯ ಕಾಲುವೆಯಿಂದ ಅಲ್ಲೀಪುರದ ಕೆರೆಗೆ ಬಂದು ಅಲ್ಲಿಂದ ಊರಿಗೆ. ಬೇಸಿಗೆಯಲ್ಲಿ ಕಾಲುವೆ ನಿಲ್ಲಿಸುತ್ತಾರೆ. ಆಗ ಕೆರೆಯಲ್ಲಿ ತುಂಬಿಟ್ಟಿದ್ದೇ ಗತಿ. ಮಗಳೇ, ನೀವು ಕುಡಿಯುತ್ತಿರುವುದು ನಿಮ್ಮೂರಿನ ನೀರೇ. ತೀರ್ಥಹಳ್ಳಿಯಲ್ಲಿ ಕಾಲು ತೊಳೆದ ತುಂಗೆ ಹೊಸಪೇಟೆ ಡ್ಯಾಮಿಗೆ ಬಂದು ಇಲ್ಲಿಗೆ ಬರುತ್ತಾಳೆ. ಮನೆಯವರಿಗೆ ಇದನ್ನು ಹೇಳಿ, ಸ್ವಲ್ಪ ಸಮಾಧಾನ ಆಗಬಹುದು.

ಒಂದು ಲಾಭವೂ ಇದೆ. ಗಾಳಿ ಒಣಗಿರುವುದರಿಂದ ಇಲ್ಲಿ ಮಣ್ಣಿನ ಮಡಕೆ ಫ್ರಿಜ್ಜಿನ ಹಾಗೆ ಕೆಲಸ ಮಾಡುತ್ತದೆ. ಹೊರಗೆ ಜಿನುಗಿದ ನೀರು ಆರುತ್ತಾ ಒಳಗಿನದ್ದನ್ನು ತಂಪು ಮಾಡುತ್ತದೆ. ಮಂಗಳೂರಿನ ತೇವದಲ್ಲಿ ಅದು ಅಷ್ಟು ಆಗುವುದಿಲ್ಲ. ಏರ್ ಕೂಲರೂ ಅದೇ ಲೆಕ್ಕ, ಹುಲ್ಲು ತೋಯಿಸಿ ಗಾಳಿ ಬಿಡುವುದು. ಕಿಟಕಿ ಸ್ವಲ್ಪ ತೆರೆದಿಡಿ, ಮುಚ್ಚಿದರೆ ಕೋಣೆಯೇ ತೇವವಾಗಿ ಸೆಕೆಯಾಗುತ್ತದೆ. ಒಂದೇ ತೊಂದರೆ, ಕೂಲರಿಗೆ ದಿನಕ್ಕೆ ಬಿಂದಿಗೆಗಟ್ಟಲೆ ನೀರು ಬೇಕು. ನಳ ಬರದ ವಾರ ನೀವು ಸ್ನಾನ ಮಾಡಬೇಕೋ ಕೂಲರಿಗೆ ಮಾಡಿಸಬೇಕೋ ಅನ್ನುವ ಪ್ರಶ್ನೆ ಬರುತ್ತದೆ.

ಹಂಪಿಗೆ ಹೋಗುವಾಗ ದಾರಿಯಲ್ಲಿ ಕುಡತಿನಿ ಬರುತ್ತದೆ. ಎಲ್ಲರಿಗೂ ಅಲ್ಲಿ ಕರೆಂಟ್ ತಯಾರಿಸುವ ಸ್ಥಾವರದ ಚಿಮಣಿ ಕಾಣುತ್ತದೆ. ನೀವು ಬೂದಿಗುಡ್ಡ ನೋಡಿ. ಹೊಸ ಶಿಲಾಯುಗದ ದನಗಾಹಿಗಳು ಸೆಗಣಿ ರಾಶಿ ಸುಟ್ಟು ಸುಟ್ಟು ಆದದ್ದು. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಕಲ್ಲಿಗೆ ಕಲ್ಲು ತಟ್ಟಿದರೆ ಗಂಟೆಯ ಹಾಗೆ ನಾದ ಬರುವ ಬಂಡೆಗಳಿವೆ, ಪಕ್ಕದಲ್ಲೇ ದನ, ಮನುಷ್ಯರ ಗೀರುಚಿತ್ರ. ಒಬ್ಬರೇ ಹೋಗಬೇಡಿ, ಬೆಳಗ್ಗೆ ಒಂಬತ್ತರೊಳಗೆ ಇಳಿದು ಬನ್ನಿ.

ಮಲೆನಾಡ ಹುಡುಗಿ · ಡಿಸೆಂಬರ್ 2

ಸರ್, ತುಂಗೆಯ ಮಾತು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಹಾಗಾದ್ರೆ ಇಲ್ಲಿ ಬಟ್ಟೆ ಒಗೆಯೋವಾಗ ಸೋಪು ಕಡಿಮೆ ಹಾಕ್ತೀನಿ" ಅಂದಳು.

ಸುಮ್ನೆ ಓದೋನು · ಏಪ್ರಿಲ್ 14

ಏಪ್ರಿಲ್ ಬಂತು. ಮಲೆನಾಡಿನವರು ಇದ್ದಾರಾ, ಓಡಿಹೋದರಾ?

ಮಲೆನಾಡ ಹುಡುಗಿ · ಏಪ್ರಿಲ್ 17

ಇದ್ದೇನೆ ಅಣ್ಣ. ಇವತ್ತು 41 ಡಿಗ್ರಿ. ಕೂತಲ್ಲೇ ಬರೆಯುತ್ತಿದ್ದೇನೆ, ಕಾಲು ಬಕೆಟ್ಟಿನೊಳಗಿದೆ.

ಮಾರ್ಚಿನಲ್ಲಿ ನಿಜವಾಗಿ ಓಡಿಹೋಗಬೇಕು ಅನ್ನಿಸಿತ್ತು. ತಲೆನೋವು, ಮೂಗಿನಲ್ಲಿ ರಕ್ತ, ಓದಿದ್ದು ಒಂದೂ ತಲೆಗೆ ಹೋಗುತ್ತಿರಲಿಲ್ಲ. ಊರಿನಲ್ಲಿ ಹೇಗೋ ಹಾಗೇ ಇದ್ದೆ ನೋಡಿ. ಬೆಳಗ್ಗೆ ಏಳೂವರೆಗೆ ಏಳೋದು, ಹತ್ತಕ್ಕೆ ಹೊರಡೋದು, ಮಧ್ಯಾಹ್ನ ಎರಡಕ್ಕೆ ಜೆರಾಕ್ಸ್, ಬ್ಯಾಂಕು ಅಂತ ಸುತ್ತೋದು. ಮಧ್ಯಾಹ್ನ ರಸ್ತೆಯಲ್ಲಿ ನಾನೂ ಎರಡು ನಾಯಿಯೂ ಅಷ್ಟೇ ಇರುತ್ತಿದ್ದೆವು. ನಾಯಿ ಕೂಡ ನೆರಳಲ್ಲಿ. ರೂಮ್‌ಮೇಟ್ ಒಂದು ದಿನ ಬೈದಳು. "ಈ ಊರಲ್ಲಿ ಹಗಲು ಎರಡು ಸಲ ಆಗುತ್ತೆ, ನೀನು ನಡುವಿನ ರಾತ್ರೀಲಿ ಓಡಾಡ್ತಿದೀಯ" ಅಂದಳು.

ಈಗ ಐದಕ್ಕೆ ಏಳುತ್ತೇನೆ. ಐದರಿಂದ ಎಂಟು ಓದು. ತರಕಾರಿ, ರೇಷನ್ ಎಲ್ಲ ಬೆಳಗ್ಗೆಯೇ. ಕ್ಲಾಸ್ ಇಲ್ಲದ ಮಧ್ಯಾಹ್ನ ಪರದೆಗೆ ನೀರು ಚಿಮುಕಿಸಿ ಮಲಗುತ್ತೇನೆ, ತಪ್ಪು ಅನ್ನಿಸುವುದಿಲ್ಲ. ಸಂಜೆ ಆರರ ಮೇಲೆ ಊರೇ ಹೊರಗೆ ಬರುತ್ತೆ. ಮೋತಿ ಸರ್ಕಲ್ ಕಡೆ ಹೋದರೆ ಹಬ್ಬದ ಹಾಗಿರುತ್ತೆ. ಮಡಕೆ ತಂದಿದ್ದೇವೆ. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ, ಹಲ್ಲು ಜುಮ್ಮೆನ್ನುವಷ್ಟು ತಂಪು.

ದುರ್ಗಮ್ಮನ ಸಿಡಿಬಂಡಿ ಜಾತ್ರೆಗೆ ರೂಮ್‌ಮೇಟ್ ಜೊತೆ ಹೋಗಿದ್ದೆ. ಅಷ್ಟು ಜನ ನಾನು ಎಲ್ಲೂ ನೋಡಿಲ್ಲ. ಕಳೆದುಹೋದೆ. ಒಬ್ಬ ಅಜ್ಜಿ ಕೈ ಹಿಡಿದು ತೆಲುಗಿನಲ್ಲಿ ಏನೋ ಬೈಯುತ್ತಾ ರಸ್ತೆ ದಾಟಿಸಿದರು. ಬೈಗುಳ ಅರ್ಥ ಆಗಲಿಲ್ಲ. ದಾರಿ ಸಿಕ್ಕಿತು.

ನಳ ಬಂದು ಒಂಬತ್ತು ದಿನ ಆಯಿತು. ಬೆಳಗ್ಗೆ ಎದುರು ಮನೆ ಆಂಟಿಯನ್ನು ಕೇಳಿದೆ. ಇವತ್ತು ರಾತ್ರಿ ಬರಬಹುದು ಅಂದರು. ಅಲಾರಂ ಬೇಡ, ನಾನೇ ಬಾಗಿಲು ಬಡಿಯುತ್ತೇನೆ ಅಂದಿದ್ದಾರೆ.

ಸುಮ್ನೆ ಓದೋನು · ಏಪ್ರಿಲ್ 17

ಮೂಗಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸಬೇಡಿ, ಮುಂದಕ್ಕೆ ಬಗ್ಗಿ ಮೂಗಿನ ಮೆತ್ತನೆ ಭಾಗ ಒತ್ತಿ ಹಿಡಿಯಿರಿ. ಮಜ್ಜಿಗೆ ಕುಡಿಯಿರಿ. ನಾನು ಆ ದಿನ ಹಾಗೆ ಬರೆಯಬಾರದಿತ್ತು.

ಸಂಡೂರಿನವನು · ಏಪ್ರಿಲ್ 17

ಇದನ್ನು ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿಡಿ.

ಮಲೆನಾಡ ಹುಡುಗಿ · ಜೂನ್ 21

ಪರೀಕ್ಷೆ ಮುಗಿಯಿತು. ನಾಳೆ ಚಿತ್ರದುರ್ಗದ ಮೇಲೆ ಶಿವಮೊಗ್ಗ ಬಸ್ಸಿಗೆ ಹೊರಟಿದ್ದೇನೆ. ನಮ್ಮ ಕಡೆ ಮಳೆ ಶುರುವಾಗಿದೆಯಂತೆ. ಮನೆಯವರಿಗೆ ಒಗ್ಗರಣಿ ಮಾಡಿ ತೋರಿಸಬೇಕು ಅಂತ ಇದೆ. ಒಳ್ಳೆ ಮಂಡಕ್ಕಿ ಎಲ್ಲಿ ಸಿಗುತ್ತೆ?

ಕೌಲಬಜಾರ್ ಅಣ್ಣ · ಜೂನ್ 21

ಪ್ಯಾಕೆಟ್ ತಗೋಬೇಡಿ. ಕೌಲಬಜಾರಿಗೆ ಬಂದು ಮಂಡಕ್ಕಿ ಹುರಿಯುವ ಭಟ್ಟಿ ಎಲ್ಲಿ ಅಂತ ಕೇಳಿ, ಬಿಸಿ ಇರುವಾಗಲೇ ತುಂಬಿಸಿಕೊಳ್ಳಿ. ಮತ್ತೆ, ಡಬ್ಬಿಯಲ್ಲಿ ಗಟ್ಟಿಯಾಗಿ ಮುಚ್ಚಿ ಒಯ್ಯಿರಿ. ನಿಮ್ಮ ಮಳೆಗೆ ಅದು ಒಂದು ಗಂಟೆಯೂ ತಡೆಯಲ್ಲ.

ಮಲೆನಾಡ ಹುಡುಗಿ · ಜೂನ್ 24

ಚೀಲದಲ್ಲೇ ತಂದೆ. ಆಗುವುದೆಲ್ಲ ಆಯಿತು. ಅಮ್ಮ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿಟ್ಟು ಗರಿಗರಿ ಮಾಡುತ್ತಿದ್ದಾಳೆ. ಬೆಳಗ್ಗೆ ತಿಂಡಿಗೆ ಮೆಣಸಿನಕಾಯಿ ಬಜ್ಜಿ ತಿನ್ನುವ ಊರು ಅದ್ಯಾವುದೇ ಅಂತ ಅಪ್ಪ ಕೇಳುತ್ತಿದ್ದಾರೆ, ಮೂರನೇದು ತಿನ್ನುತ್ತಾ. 2,000 ರೂಪಾಯಿ ವಿಷಯ ಈಗಲೇ ಹೇಳಿಬಿಡೋಣ ಅಂತ ಇದ್ದೇನೆ.

ರೂಮ್‌ಮೇಟ್ ಫೋನ್ ಮಾಡಿದ್ದಳು. ರಾತ್ರಿ ನಳ ಬಂತಂತೆ. ನನ್ನ ಡ್ರಮ್ಮೂ ತುಂಬಿಸಿದ್ದಾಳೆ.